ವಿಭಾಗ ಕಟ್ಟಿದವರು: ಆಫ್ರಿಕಾದ ಗಣಕ ವಿಜ್ಞಾನದಲ್ಲಿ ಮಹಿಳೆಯರ ದಾರಿ

ಆಫ್ರಿಕಾದ ಕಂಪ್ಯೂಟರ್ ಚರಿತ್ರೆ ಎಂದೊಡನೆ ಈಗ ಎರಡು ಘಟನೆಗಳು ಮುಂದೆ ಬರುತ್ತವೆ. 2007ರಲ್ಲಿ ಕೀನ್ಯಾದಲ್ಲಿ ಶುರುವಾದ ಮೊಬೈಲ್ ಹಣ ಸೇವೆ ಎಂ-ಪೆಸಾ ಒಂದು, 2019ರಲ್ಲಿ ಘಾನಾದ ಅಕ್ರಾದಲ್ಲಿ ಗೂಗಲ್ ತೆರೆದ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯ ಇನ್ನೊಂದು. ಮೊಬೈಲ್ ಬಂತು, ಕಂಪನಿ ಬಂತು, ಖಂಡ ಎಚ್ಚೆತ್ತಿತು ಎನ್ನುವ ಈ ಕಥನದಲ್ಲಿ ವಿಶ್ವವಿದ್ಯಾಲಯಗಳಿಗೆ ಜಾಗವೇ ಇಲ್ಲ. ಅರಿವನ್ನು ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ಇಡುವ ಜ್ಞಾನ ನಿರೂಪಣೆಯ ಪಾಠ ಹೇಳುತ್ತಲೇ ವೃತ್ತಿಜೀವನ ಕಳೆದ ನನಗೆ ಇದು ಬರೀ ಮರೆವಾಗಿ ಕಾಣುವುದಿಲ್ಲ. ಅಲ್ಲಿನ ವಿಭಾಗಗಳನ್ನು ಕಟ್ಟಿದವರಿಗೆ, ಅದರಲ್ಲೂ ಮಹಿಳೆಯರಿಗೆ, ಸಲ್ಲಬೇಕಾದದ್ದು ಸಂದಿಲ್ಲ.

ಆರಂಭದ ಘಟ್ಟವನ್ನು ಚುಟುಕಾಗಿ ಹೇಳಬಹುದು. ನೈಜೀರಿಯಾಕ್ಕೆ ಗಣಕ ಯಂತ್ರ ಬಂದದ್ದು 1962–63ರ ಜನಗಣತಿಯ ಲೆಕ್ಕಕ್ಕಾಗಿ. ದಕ್ಷಿಣ ಆಫ್ರಿಕಾದಲ್ಲಿ ಅದೇ ಬಗೆಯ ಯಂತ್ರಗಳು ವರ್ಣಭೇದ ಸರ್ಕಾರದ ಜನಸಂಖ್ಯಾ ನೋಂದಣಿಗೆ ದುಡಿದವು. ಎರಡೂ ಕಡೆ ಯಂತ್ರ ಬಂದದ್ದು ಜನರನ್ನು ಎಣಿಸಲು. ಎಣಿಕೆ ಯಾರ ಕೈಯಲ್ಲಿ ಉಳಿಯಬೇಕು ಎಂಬ ಪ್ರಶ್ನೆ ಆಗಲೇ ಹುಟ್ಟಿತ್ತು. ಅದನ್ನು ಪಠ್ಯದೊಳಗೆ ತರಲು ಮಾತ್ರ ದಶಕಗಳು ಹಿಡಿದವು.

ನೈಜೀರಿಯಾದ ಇಫೆ ವಿಶ್ವವಿದ್ಯಾಲಯ 1970ರ ದಶಕದಲ್ಲಿ ಗಣಕ ವಿಜ್ಞಾನದ ಪದವಿ ಕೊಡತೊಡಗಿತು. 1975ರಲ್ಲಿ ಅಲ್ಲಿ ಪದವಿ ಪಡೆದ ಅಡೆನಿಕೆ ಒಸೊಫಿಸಾನ್ 1979ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಊರಿಗೆ ಮರಳಿ ಪಾಠಕ್ಕೆ ನಿಂತರು. 1989ರಲ್ಲಿ ಇಫೆಯಿಂದಲೇ ಪಿಎಚ್.ಡಿ. ಪಡೆದರು, ಗಣಕ ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಲ ನೈಜೀರಿಯನ್ ಮಹಿಳೆ ಅವರು. ಆ ಇಸವಿಯನ್ನು ಗಮನಿಸಬೇಕು. 1986ರ ಆರ್ಥಿಕ ಪುನರ್‌ರಚನೆ ನೈಜೀರಿಯಾದ ವಿಶ್ವವಿದ್ಯಾಲಯಗಳನ್ನು ಹಿಂಡಿತ್ತು, ಅಧ್ಯಾಪಕರು ಹೊರದೇಶಗಳ ದಾರಿ ಹಿಡಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಒಳಗೇ ಉಳಿದು ಸಂಶೋಧನೆ ಮುಗಿಸಿ, ಮುಂದೆ ಇಬಾದಾನ್‌ನಲ್ಲಿ ಪ್ರಾಧ್ಯಾಪಕಿಯಾಗಿ ಶಿಷ್ಯರನ್ನು ತಯಾರು ಮಾಡಿದ್ದು ಯಾವ ಪ್ರಬಂಧಕ್ಕೂ ಕಡಿಮೆಯಲ್ಲದ ಸಾಧನೆ.

ಅದೇ ಪೀಳಿಗೆಯ ರೋಸ್ ಡಿಯೆಂಗ್-ಕುಂಟ್ಸ್ ಬೇರೆ ದಾರಿ ಹಿಡಿದರು. ಸೆನೆಗಲ್‌ನ ಡಕಾರ್‌ನಲ್ಲಿ ಹುಟ್ಟಿ, ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್‌ಗೆ ಪ್ರವೇಶ ಪಡೆದ ಮೊದಲ ಆಫ್ರಿಕನ್ ಮಹಿಳೆ ಅವರು. ಅಲ್ಲಿನ ಗಣಕ ಸಂಶೋಧನಾ ಸಂಸ್ಥೆ ಇನ್ರಿಯಾದಲ್ಲಿ ತಂಡ ಕಟ್ಟಿ, ಒಂದು ಸಂಸ್ಥೆಯೊಳಗಿನ ಅರಿವನ್ನು ಆಂಟಾಲಜಿಗಳ, ಅಂದರೆ ಪರಿಕಲ್ಪನೆಗಳನ್ನೂ ಅವುಗಳ ಸಂಬಂಧಗಳನ್ನೂ ಕ್ರಮವಾಗಿ ಬರೆದಿಟ್ಟ ನಕ್ಷೆಗಳ, ನೆರವಿನಿಂದ ಯಂತ್ರಕ್ಕೂ ಅರ್ಥವಾಗುವಂತೆ ಕಾಯ್ದಿಡುವ ಬಗೆಯನ್ನು ರೂಪಿಸಿದರು. 2005ರಲ್ಲಿ ಇರೆನ್ ಜೋಲಿಯೊ-ಕ್ಯೂರಿ ಪ್ರಶಸ್ತಿ ಬಂತು, 2008ರಲ್ಲಿ ತೀರಿಕೊಂಡರು. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸಿದ ಜುಡಿತ್ ಬಿಷಪ್ 2009ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ಅವರ ಪಠ್ಯಪುಸ್ತಕಗಳಿಗೆ ಸಿಕ್ಕ ಓದುಗರಲ್ಲಿ ಹತ್ತರಲ್ಲಿ ಒಂದು ಪಾಲು ಡಿಯೆಂಗ್ ಅವರ ಬರಹಗಳಿಗೂ ಸಿಕ್ಕಿದ್ದರೆ ನಮ್ಮ ಕ್ಷೇತ್ರಕ್ಕೆ ಒಳಿತಾಗುತ್ತಿತ್ತು.

ಡಿಯೆಂಗ್ ಹಿಡಿದ ದಾರಿ ಬಲವಾಗಿ ಮುಂದುವರಿದದ್ದು ನೈಜೀರಿಯಾದ ಗಣಕ ವಿಜ್ಞಾನಿ ಫ್ರಾನ್ಸಿಸ್ಕಾ ಒಲಾದಿಪೊ ಅವರ ಕೆಲಸದಲ್ಲಿ. 2014–16ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ 11,000ಕ್ಕೂ ಹೆಚ್ಚು ಜನರ ಜೀವ ತೆಗೆಯಿತು. ಅಲ್ಲಿನ ರೋಗಿಗಳ ಮಾದರಿಗಳೂ ಮಾಹಿತಿಯೂ ಹೊರದೇಶಗಳಿಗೆ ಹೋದವು. ಸ್ಥಳೀಯ ಸಂಶೋಧಕರಿಗೆ ಅವು ಸುಲಭವಾಗಿ ಸಿಗಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಆ ಸ್ಥಿತಿ ಮರುಕಳಿಸಬಾರದೆಂದು ಹುಟ್ಟಿದ ವೊಡಾನ್-ಆಫ್ರಿಕಾ ಜಾಲಕ್ಕೆ ಒಲಾದಿಪೊ ಕಾರ್ಯಕಾರಿ ಸಂಯೋಜಕಿಯಾಗಿದ್ದರು. ಅದರ ತತ್ವ ಸರಳ: ದತ್ತಾಂಶ ಆಸ್ಪತ್ರೆಯಲ್ಲೇ ಇರುತ್ತದೆ, ಪ್ರಶ್ನೆ ಅಲ್ಲಿಗೆ ಹೋಗುತ್ತದೆ, ಉತ್ತರ ಮಾತ್ರ ಹೊರಬರುತ್ತದೆ. ಇದು ಸಾಧ್ಯವಾಗಬೇಕಾದರೆ ಉಗಾಂಡಾದ ದಾಖಲೆಯಲ್ಲಿರುವ ‘ಜ್ವರ’ವೂ ಇಥಿಯೋಪಿಯಾದ ದಾಖಲೆಯಲ್ಲಿರುವ ‘ಜ್ವರ’ವೂ ಒಂದೇ ಎಂದು ಯಂತ್ರಕ್ಕೆ ತಿಳಿಯಬೇಕು. ಅದಕ್ಕೆ ಬೇಕಾದ್ದು ಹಂಚಿಕೊಂಡ ಶಬ್ದಕೋಶ, ಮತ್ತು ದತ್ತಾಂಶದ ಬಗ್ಗೆ ಮಾಹಿತಿ ಕೊಡುವ ಶಿಸ್ತಿನ ಮೆಟಾಡೇಟಾ. 2016ರಲ್ಲಿ ಪ್ರಕಟವಾದ ಫೇರ್ ತತ್ವಗಳು ಹೇಳುವುದೂ ಇದನ್ನೇ: ದತ್ತಾಂಶ ಹುಡುಕಿದರೆ ಸಿಗಬೇಕು, ತಲುಪಲು ದಾರಿ ಇರಬೇಕು, ಬೇರೆಯದರೊಂದಿಗೆ ಹೊಂದಬೇಕು, ಮತ್ತೆ ಬಳಕೆಗೆ ಬರಬೇಕು. ಡಿಯೆಂಗ್ ಒಂದು ಸಂಸ್ಥೆಯೊಳಗೆ ಮಾಡಿದ್ದನ್ನು ಇಲ್ಲಿ ಹಲವು ದೇಶಗಳ ಆಸ್ಪತ್ರೆಗಳ ನಡುವೆ ಮಾಡಬೇಕಾಯಿತು.

ಒಲಾದಿಪೊ ಲೊಕೋಜಾದ ಫೆಡರಲ್ ವಿಶ್ವವಿದ್ಯಾಲಯದಲ್ಲಿ ಗುಣಮಟ್ಟ ಖಾತರಿಯ ನಿರ್ದೇಶಕಿಯಾಗಿದ್ದರು. ಮುಂದೆ ಕ್ವಾರಾ ರಾಜ್ಯದ ಓಕೊದಲ್ಲಿರುವ ಥಾಮಸ್ ಅಡೆವುಮಿ ವಿಶ್ವವಿದ್ಯಾಲಯದ ಕುಲಪತಿಯಾದರು. ಇಂಥವರ ಬಗ್ಗೆ ‘ಸಂಶೋಧನೆ ಬಿಟ್ಟು ಆಡಳಿತಕ್ಕೆ ಹೋದರು’ ಎಂಬ ಮಾತು ನಮ್ಮ ವಲಯದಲ್ಲಿ ಸಲೀಸಾಗಿ ಬರುತ್ತದೆ. ನಾನದನ್ನು ಒಪ್ಪುವುದಿಲ್ಲ. ದಾಖಲೆ ಹುಟ್ಟಿದಲ್ಲೇ ಉಳಿಯಬೇಕು ಎನ್ನುವವರು, ಅದನ್ನು ನೋಡಿಕೊಳ್ಳಬಲ್ಲ ಜನರೂ ಅಲ್ಲೇ ತಯಾರಾಗಬೇಕು ಎಂದು ಹೇಳಲೇಬೇಕಾಗುತ್ತದೆ. 2022ರಲ್ಲಿ ನೈಜೀರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರ ಮುಷ್ಕರ ಎಂಟು ತಿಂಗಳು ನಡೆಯಿತು. ಆ ದೇಶದಲ್ಲಿ ಕೋರ್ಸು ಹೊತ್ತಿಗೆ ಸರಿಯಾಗಿ ಮುಗಿಯುವಂತೆ ನೋಡಿಕೊಳ್ಳುವುದೂ ವಿಜ್ಞಾನದ ಕೆಲಸವೇ.

2017ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಮೊದಲುಗೊಂಡ ಡೀಪ್ ಲರ್ನಿಂಗ್ ಇಂದಾಬಾ ಸಮಾವೇಶಗಳು, ಆಫ್ರಿಕನ್ ಭಾಷೆಗಳ ಯಂತ್ರಾನುವಾದಕ್ಕೆ ದುಡಿಯುವ ಮಸಾಖಾನೆ ಬಳಗ ಈಚಿನ ಉತ್ಸಾಹದ ಅಧ್ಯಾಯಗಳು. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಆ ತರುಣ ತರುಣಿಯರಲ್ಲಿ ಅನೇಕರಿಗೆ ಮೊದಲ ಪ್ರೋಗ್ರಾಮ್ ಬರೆಯಲು ಕಲಿಸಿದ ವಿಭಾಗಗಳ ಚರಿತ್ರೆ ಬರೆಯುವವರು ವಿರಳ.

ಉಳಿದ ಕೊರತೆಗಳೂ ಇವೆ. ‘ಮೊದಲ ಮಹಿಳೆ’ ಎಂಬ ಪಟ್ಟ ಒಬ್ಬರಿಗೆ ಸಿಗುತ್ತದೆ. ಪಾಲಿಟೆಕ್ನಿಕ್‌ಗಳಲ್ಲಿ ತಲೆಮಾರುಗಳಿಗೆ ಕಲಿಸಿದ ಎರಡನೆಯ, ಹತ್ತನೆಯ ಮಹಿಳೆ ಲೆಕ್ಕಕ್ಕೇ ಬರುವುದಿಲ್ಲ. ಪೋರ್ಚುಗೀಸ್ ಆಡುವ ಅಂಗೋಲಾ, ಮೊಜಾಂಬಿಕ್‌ಗಳು ಈ ಬರಹದಲ್ಲಿಯೂ ಬಾರದೆ ಉಳಿದವು. ಬೆಂಗಳೂರು, ಮೈಸೂರುಗಳಿಗೆ ಆಫ್ರಿಕಾದ ವಿದ್ಯಾರ್ಥಿಗಳು ಕಂಪ್ಯೂಟರ್ ಕಲಿಯಲು ಬರುತ್ತಿದ್ದಾರೆ. ಒಸೊಫಿಸಾನ್, ಡಿಯೆಂಗ್, ಒಲಾದಿಪೊ ಅವರ ಹೆಸರನ್ನು ನಮ್ಮ ತರಗತಿಗಳಲ್ಲಿ ಆ ವಿದ್ಯಾರ್ಥಿಗಳು ಕೇಳುವಂತಾಗಬೇಕು, ನಮ್ಮ ಮಕ್ಕಳೂ ಕೇಳಬೇಕು. ಜ್ಞಾನ ನಿರೂಪಣೆಯ ಪಠ್ಯಕ್ಕೆ ವೊಡಾನ್ ಒಂದು ಅಧ್ಯಾಯವಾಗುವಷ್ಟು ಗಟ್ಟಿಯಾದ ಉದಾಹರಣೆ. ಅದನ್ನು ಸೇರಿಸಲು ಯಾವ ಕಂಪನಿಯ ಅನುದಾನವೂ ಬೇಕಿಲ್ಲ, ಅಧ್ಯಯನ ಮಂಡಳಿಯ ಒಂದು ತೀರ್ಮಾನ ಸಾಕು.