ಡಿ-ಡೈಮರ್: ಈ ‘ಡಿ’ ಯಾವ ಡಿ?

2020ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಗಿತ್ತು. ರಕ್ತಪರೀಕ್ಷೆಯ ‘ಡಿ-ಡೈಮರ್ ಎಷ್ಟು?’ ಎಂಬ ಪ್ರಶ್ನೆ ಆಸ್ಪತ್ರೆಯ ವಾರ್ಡು ದಾಟಿ ಕಾಪು, ಕಾರ್ಕಳದ ಮನೆಗಳ ಮಾತಿಗೂ ಇಳಿದದ್ದು ಆ ಕಾಲದಲ್ಲೇ. ‘ಡಿ’ ಅಂದರೆ ವಿಟಮಿನ್ ಡಿ ಎಂದುಕೊಂಡವರಿದ್ದರು. ಡಿಗ್ರಡೇಶನ್ನಿನ ಡಿ ಇರಬೇಕೆಂದು ಓದಿಕೊಂಡವರೇ ಊಹಿಸಿದ್ದುಂಟು.

ಎರಡೂ ಅಲ್ಲ. ಅದು ಬರೀ ಸರತಿಯ ಅಕ್ಷರ. ನುಸೆನ್ಸ್‌ವೈಗ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ರಕ್ತದ ಫೈಬ್ರಿನೋಜನ್ ಪ್ರೋಟೀನನ್ನು ಪ್ಲಾಸ್ಮಿನ್ ಕಿಣ್ವದಿಂದ ಕತ್ತರಿಸಿ, ಚೂರುಗಳನ್ನು ಕ್ರೊಮಟೊಗ್ರಫಿಯಲ್ಲಿ ಬೇರ್ಪಡಿಸಿ, ಎ, ಬಿ, ಸಿ, ಡಿ, ಇ ಎಂದು ಗುರುತು ಹಾಕಿದರು. 1961ರಲ್ಲಿ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಮೊದಲ ಮೂರನ್ನು ಈಗ ಕೇಳುವವರಿಲ್ಲ.

‘ಡೈಮರ್’ ಗ್ರೀಕಿನದು: ‘ದಿ’ ಎಂದರೆ ಎರಡು, ‘ಮೆರೋಸ್’ ಎಂದರೆ ಭಾಗ. ನೆತ್ತರು ಹೆಪ್ಪುಗಟ್ಟುವಾಗ ಫೈಬ್ರಿನೋಜನ್ನಿನಿಂದಾದ ಫೈಬ್ರಿನ್ ಎಳೆಗಳ ಡಿ ತುದಿಗಳನ್ನು ಹದಿಮೂರನೆಯ ಫ್ಯಾಕ್ಟರ್ ಜೋಡಿಸಿ ಹೊಲಿಯುತ್ತದೆ. ಹಾಲಿಗೆ ಹಾಕಿದ ಹೆಪ್ಪು ಮೊಸರಾದ ಮೇಲೆ ಹಿಂದಿರುಗದು. ನೆತ್ತರ ಹೆಪ್ಪನ್ನಾದರೋ ಪ್ಲಾಸ್ಮಿನ್ ಕರಗಿಸುತ್ತದೆ. ಆ ಹೊಲಿಗೆ ಮಾತ್ರ ಬಿಚ್ಚುವುದಿಲ್ಲ. ಜೋಡಿ ಡಿ ರಕ್ತದಲ್ಲಿ ತೇಲಿತೆಂದರೆ, ಎಲ್ಲೋ ಹೆಪ್ಪು ಕಟ್ಟಿತ್ತು, ಕರಗುತ್ತಲೂ ಇದೆ.

ಈ ಜೋಡಿಯನ್ನು ಹಿಡಿಯುವ ಪ್ರತಿಕಾಯ ಬಂದದ್ದು ಕೋಹ್ಲರ್, ಮಿಲ್‌ಸ್ಟೈನ್ 1975ರಲ್ಲಿ ಒಂದೇ ಬಗೆಯ ಪ್ರತಿಕಾಯ ತಯಾರಿಸುವ ಮಾನೋಕ್ಲೋನಲ್ ವಿಧಾನ ಕಂಡುಹಿಡಿದ ನಂತರ. 1983ರಲ್ಲಿ ರೈಲಟ್ ಮತ್ತಿತರ ಆಸ್ಟ್ರೇಲಿಯದವರು ಅಂಥ ಪ್ರತಿಕಾಯದಿಂದ ಪರೀಕ್ಷೆ ರೂಪಿಸಿದರು. ಅವರ ಪ್ರತಿಕಾಯದ ಹೆಸರು ಡಿಡಿ-3ಬಿ6. ಹೆಸರಿಡುವುದರಲ್ಲಿ ವಿಜ್ಞಾನಿಗಳು ಜಿಪುಣರೇ! ಬಿಡಿಯಾಗಿರುವ ಫೈಬ್ರಿನೋಜನ್ನಿಗೆ ಅಂಟದೆ ಹೊಲಿಗೆಯಾದ ಡಿಗೇ ಅಂಟುವುದು ಅದರ ಹೆಚ್ಚುಗಾರಿಕೆ.

ಡಿ-ಡೈಮರ್ ಏರಿಸುವುದು ಕೋವಿಡ್ ಒಂದೇ ಅಲ್ಲ. ಕಾರ್ಕಳದ ತೋಟದಲ್ಲಿ ಕೊಳಕುಮಂಡಲ ಹಾವು ಕಚ್ಚಿದರೂ ಅದು ಏರಬಹುದು. ಹಾವಿನ ವಿಷ ನೆತ್ತರನ್ನು ಹೆಪ್ಪುಗಟ್ಟಿಸುತ್ತ ಹೆಪ್ಪಿನ ಅಂಶಗಳನ್ನು ಖರ್ಚುಮಾಡಿಬಿಡುತ್ತದೆ. ಬಸಿರು, ಶಸ್ತ್ರಚಿಕಿತ್ಸೆ, ಸೋಂಕು, ವಯಸ್ಸು, ಎಲ್ಲವೂ ಅಂಕಿ ಏರಿಸುತ್ತವೆ. ಅಂಕಿ ಏರಿತೆಂದು ರಕ್ತನಾಳದಲ್ಲಿ ಹೆಪ್ಪಿದೆ ಎನ್ನಲಾಗದು. ಅಪಾಯ ಕಡಿಮೆಯಿದ್ದವರಲ್ಲಿ ‘ಹೆಪ್ಪಿಲ್ಲ’ ಎನ್ನುವುದಕ್ಕೇ ಈ ಪರೀಕ್ಷೆ ಹೆಚ್ಚು ಒದಗುತ್ತದೆ.

ಎರಡು ಲ್ಯಾಬಿನ ವರದಿ ಹೋಲಿಸುವ ಮುನ್ನ ಏಕಮಾನ ನೋಡಿ: ಎಫ್‌ಇಯು (ಫೈಬ್ರಿನೋಜನ್ ಸಮಾನ ಏಕಮಾನ) ಲೆಕ್ಕದ 500 ಎಂದರೆ ಡಿಡಿಯು (ಡಿ-ಡೈಮರ್ ಏಕಮಾನ) ಲೆಕ್ಕದಲ್ಲಿ ಸುಮಾರು 250.