ಹೇರಿನ ಲೆಕ್ಕ: ಅಯ್ಯಾವೊಳೆಯ ಶಾಸನದಿಂದ ಅಂಗೈಯ ಟಿಪ್ಪಣಿಯವರೆಗೆ

ಮಲಪ್ರಭೆಯ ದಡದ ಐಹೊಳೆಯೆಂದರೆ ಜೈನ ಸಮಾಜಕ್ಕೆ ಮೊದಲು ನೆನಪಾಗುವುದು ಗುಡ್ಡದ ಮೇಲಿನ ಮೇಗುತಿ ಜಿನಾಲಯ. ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ರವಿಕೀರ್ತಿಯು ಅದನ್ನು ಕಟ್ಟಿಸಿ, ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಂಸ್ಕೃತ ಪದ್ಯಗಳಲ್ಲಿ ಬರೆಯಿಸಿದನು. ಆದರೆ ಈ ಊರಿನ ಹೆಸರನ್ನು ದೇಶಾಂತರಗಳಿಗೆ ಒಯ್ದವರು ಅರಸರೂ ಅಲ್ಲ, ಕವಿಗಳೂ ಅಲ್ಲ. ಸರಕು ಹೇರಿಕೊಂಡು ನಡೆದ ವರ್ತಕರು. ಅವರೇ ಅಯ್ಯಾವೊಳೆಯ ಐನೂರ್ವರು.

ಶಿಕಾರಿಪುರದ ಕ್ರಿ.ಶ. 1054ರ ಶಾಸನವು ಈ ಸಂಘದ ವ್ಯಾಪಾರವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಆನೆ, ಕುದುರೆ, ಮುತ್ತು, ಹವಳ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ನೆಲದ ಹಾದಿಯಲ್ಲಿಯೂ ಜಲಮಾರ್ಗದಲ್ಲಿಯೂ ಅವರು ಸಾಗಿಸುತ್ತಿದ್ದರು. ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತಿರುವ ಕ್ರಿ.ಶ. 1088ರ ತಮಿಳು ಶಾಸನವೂ ಐನೂರ್ವರದೇ. ಐಹೊಳೆಯ ಭಗವತಿಯ ಮಕ್ಕಳೆಂದು ತಮ್ಮನ್ನು ಹೇಳಿಕೊಂಡ ಈ ವರ್ತಕರ ದಾನಗಳು ಶಿವಾಲಯಗಳಿಗೂ ಸಂದಿವೆ, ಬಸದಿಗಳಿಗೂ ಸಂದಿವೆ. ತಮ್ಮ ನಡತೆಯ ಕಟ್ಟಳೆಗೆ ಅವರು ಕೊಟ್ಟ ಹೆಸರು ಬಣಂಜು ಧರ್ಮ. ವ್ಯಾಪಾರಕ್ಕೂ ಒಂದು ಧರ್ಮವುಂಟೆಂಬುದು ಆ ಹೆಸರಿನಲ್ಲಿಯೇ ಅಡಗಿದೆ.

ಇಷ್ಟು ದೂರದ ವ್ಯಾಪಾರ ನಡೆಯಬೇಕಾದರೆ ಕೊಡುವವನು ಒಂದೂರಿನಲ್ಲಿ, ಕೊಳ್ಳುವವನು ಮತ್ತೊಂದೂರಿನಲ್ಲಿ ಇರುವುದು ಅನಿವಾರ್ಯ. ನಡುವೆ ಸರಕು ಮೂರನೆಯವನ ವಶದಲ್ಲಿರುತ್ತದೆ. ಎಷ್ಟು ಹೇರು, ಯಾರದು, ಯಾವ ದರ, ಎಷ್ಟು ಸುಂಕ ಎಂಬುದು ಮಾತಿನಲ್ಲಿಯೇ ಉಳಿದರೆ ಜಗಳ ತಪ್ಪದು. ಆದುದರಿಂದ ಲೆಕ್ಕವೆಂಬುದು ವ್ಯಾಪಾರದ ಅನುಕೂಲಕ್ಕಾಗಿ ಮಾತ್ರ ಹುಟ್ಟಿದುದಲ್ಲ. ಎದುರಿಗಿಲ್ಲದವನ ಹಿತವನ್ನು ಕಾಯಲೆಂದೂ ಹುಟ್ಟಿದುದು.

ಇದಕ್ಕೆ ಬೆಳಗಾವಿಯ ರಟ್ಟ ಜಿನಾಲಯದ ಕ್ರಿ.ಶ. 1204ರ ಶಾಸನಗಳು ಒಳ್ಳೆಯ ನಿದರ್ಶನ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಈ ಶಿಲಾಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಸ್ಥಳೀಯ ವರ್ತಕರೂ ಪರದೇಶಗಳಿಂದ ಬಂದ ವರ್ತಕರೂ ಒಂದುಗೂಡಿ, ಸರಕಿನ ಬಗೆಗೆ ತಕ್ಕಂತೆ ಇಂತಿಷ್ಟೆಂದು ಜಿನಾಲಯಕ್ಕೆ ಬಿಟ್ಟುಕೊಟ್ಟ ವಿವರ ಅಲ್ಲಿದೆ. ಸಭೆಯ ಒಪ್ಪಿಗೆ ಕಲ್ಲಿನ ಮೇಲೆ ಬಂದಿತು. ಎಲ್ಲರ ಕಣ್ಣೆದುರಿಗೆ ನಿಂದಿತು. ಮರುದಿನ ಒಬ್ಬನು ಬಂದು ತಾನು ಒಪ್ಪಿದ್ದು ಬೇರೆ ಎನ್ನುವಂತಿರಲಿಲ್ಲ.

ಆದರೆ ಹಾದಿಯ ಲೆಕ್ಕವನ್ನು ಕಲ್ಲಿನಲ್ಲಿ ಬರೆಯಲಾಗದು. ಅದಕ್ಕೆ ಕನ್ನಡ ನಾಡಿನ ವರ್ತಕರು ಬಳಸಿದ ಸಾಧನ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟನ್ನು ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಬಳಪದಿಂದ ಬರೆದರೆ ಕಪ್ಪಿನ ಮೇಲೆ ಬಿಳಿಯ ಅಕ್ಷರ ಮೂಡುತ್ತಿತ್ತು. ಕನ್ನಡ ವರ್ತಕರ ಈ ರೂಢಿಯನ್ನು ಜರ್ಮನ್ ವಿದ್ವಾಂಸ ಬ್ಯೂಲರ್ 1896ರಲ್ಲಿ ಪ್ರಕಟವಾದ ತಮ್ಮ ಲಿಪಿಶಾಸ್ತ್ರ ಗ್ರಂಥದಲ್ಲಿ ದಾಖಲಿಸಿದ್ದಾರೆ. ಇಂದು ಕಚೇರಿಗಳ ಕಾಗದದ ಕಟ್ಟಿಗೆ ಕಡತವೆನ್ನುವುದು ಈ ಹಳೆಯ ಹೆಸರಿನ ಮುಂದುವರಿಕೆ. ಕಡತವನ್ನು ಕಂಕುಳಲ್ಲಿ ಇರಿಸಿಕೊಂಡು ಸಂತೆಯಿಂದ ಸಂತೆಗೆ ಹೋಗಬಹುದಾಗಿತ್ತು. ಅದರ ಅನುಕೂಲವೇ ಅದರ ಅಪಾಯವೂ ಹೌದು: ಬಳಪದ ಬರೆಹವನ್ನು ಒರಸಬಹುದು, ಒರಸಿದ ಕಡೆ ಮತ್ತೆ ಬರೆಯಬಹುದು. ಕಲ್ಲನ್ನು ಊರು ಕಾಯುತ್ತದೆ. ಕಡತವನ್ನು ಕಾಯುವುದು ಬರೆದವನ ಮನಸ್ಸು ಮಾತ್ರ.

ಇಂದು ಇಳಕಲ್ಲಿನ ಸೀರೆಯೂ ಗ್ರಾನೈಟ್ ಶಿಲೆಯೂ ಲಾರಿಗಳಲ್ಲಿ ಹೋಗುತ್ತವೆ. ಎತ್ತಿನ ಹೇರಿನ ಸ್ಥಾನದಲ್ಲಿ ಲೋಡು ಬಂದಿದೆ. ಸರಕಿನವನಿಗೂ ಲಾರಿಯವನಿಗೂ ನಡುವೆ ನಿಂತು ಬಾಡಿಗೆ ಕುದುರಿಸುವ ದಲಾಲನಿದ್ದಾನೆ. ಅವನ ಕಚೇರಿ ಅವನ ಅಂಗೈಯ ಮೊಬೈಲ್. ಚಹಾದಂಗಡಿಯಲ್ಲಿ ನಿಂತೋ ಪೆಟ್ರೋಲ್ ಬಂಕಿನಲ್ಲಿ ಕುಳಿತೋ ದರ, ತೂಕ, ಮುಂಗಡ, ಬಾಕಿ, ಲಾರಿ ಸಂಖ್ಯೆಗಳನ್ನು ಅದರಲ್ಲಿಯೇ ಗುರುತು ಹಾಕಿಕೊಳ್ಳುತ್ತಾನೆ. ಎಂಟು ಶತಮಾನಗಳ ಅನಂತರ ವರ್ತಕನ ಕೈಗೆ ಮತ್ತೆ ಕಡತವೇ ಬಂದಿದೆ: ಹಗುರವಾದುದು, ಜೊತೆಯಲ್ಲಿ ಒಯ್ಯುವಂಥದು, ಬೆರಳಿನಿಂದ ಒರಸಬಹುದಾದುದು.

ಈ ಕೆಲಸದ ಹೊಣೆಯನ್ನು ಕಾನೂನು ಬಲ್ಲದು. 1865ರ ಹಳೆಯ ಕಾಯ್ದೆಯ ಬದಲಿಗೆ ಬಂದ 2007ರ ರಸ್ತೆ ಸಾಗಣೆ ಅಧಿನಿಯಮವು 2011ರಲ್ಲಿ ಜಾರಿಗೆ ಬಂದಿತು. ಅದು ಸರಕು ಕಾಯ್ದಿರಿಸುವ ಏಜೆಂಟನನ್ನೂ ದಲಾಲನನ್ನೂ ಸಾಗಣೆದಾರರ ಸಾಲಿನಲ್ಲಿಯೇ ಸೇರಿಸಿದೆ. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ವ್ಯವಸ್ಥೆ ಬಂದಿದೆ. ಸಾಕ್ಷ್ಯದ ಕಾನೂನಿನ ಒಂದು ಮಾತು ವಿಶೇಷವಾಗಿ ಗಮನಾರ್ಹ. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು ನ್ಯಾಯಾಲಯ ನೋಡುತ್ತದೆ; ಆದರೆ ಅದೊಂದರಿಂದಲೇ ಮತ್ತೊಬ್ಬನ ಮೇಲೆ ಹೊಣೆ ಹೊರಿಸುವುದಿಲ್ಲ. 1872ರ ಅಧಿನಿಯಮದ ಈ ತತ್ತ್ವವನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಒಬ್ಬನೇ ಬರೆದು ಒಬ್ಬನೇ ಇಟ್ಟುಕೊಂಡ ಲೆಕ್ಕ ಅರ್ಧ ಲೆಕ್ಕವೆಂದೇ ಇದರ ತಾತ್ಪರ್ಯ.

ಕಾನೂನು ನಿಲ್ಲುವಲ್ಲಿಂದ ವ್ರತವು ಮುಂದೆ ನಡೆಯುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಕೂಟಲೇಖಕ್ರಿಯೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ, ಒಬ್ಬನು ಆಡದ ಮಾತನ್ನು ಆಡಿದನೆಂದು, ಮಾಡದ ಕೆಲಸವನ್ನು ಮಾಡಿದನೆಂದು ವಂಚನೆಗಾಗಿ ಬರೆಯುವುದು ಎಂದಿದ್ದಾರೆ. ಲಾರಿ ಹೊರಟ ಮೇಲೆ ಮೊಬೈಲಿನ ಟಿಪ್ಪಣಿಯಲ್ಲಿ ಒಂದು ಅಂಕೆಯನ್ನು ತಿದ್ದುವುದು ಇದಕ್ಕಿಂತ ಬೇರೆಯಲ್ಲ.

ನ್ಯಾಸಾಪಹಾರದ ವಿವರಣೆ ಇನ್ನೂ ಸೂಕ್ಷ್ಮವಾದುದು. ಒತ್ತೆಯಿಟ್ಟವನು ತಾನು ಇಟ್ಟುದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನೇ ಕೊಡುವುದು ನ್ಯಾಸಾಪಹಾರ. ಇಲ್ಲಿ ಕಸಿದುಕೊಂಡದ್ದು ಏನೂ ಕಾಣದು. ಮರೆವಿನ ಲಾಭ ಪಡೆದುದಷ್ಟೇ. ಇದನ್ನು ಲಾರಿ ಬಾಡಿಗೆಗೆ ಹೋಲಿಸಿ ನೋಡಬಹುದು. ಬಾಡಿಗೆ 42,000 ರೂಪಾಯಿ, ಮುಂಗಡ 30,000. ಇಳಿಸುವಲ್ಲಿ ಎರಡು ದಿನ ಕಾದುದಕ್ಕೆ ಒಪ್ಪಿದಂತೆ ದಿನಕ್ಕೆ 1,500 ಎಂದಿಟ್ಟುಕೊಳ್ಳೋಣ. ಸರಕಿನವನು 15,000 ರೂಪಾಯಿಗಳನ್ನು ದಲಾಲನ ಕೈಗೆ ಕೊಟ್ಟಿದ್ದಾನೆ. ನಿದ್ದೆಗೆಟ್ಟ ಚಾಲಕನು ಕಾದ ದಿನಗಳ ಮಾತನ್ನು ಮರೆತು 12,000 ಕೇಳುತ್ತಾನೆ. ದಲಾಲನ ಮೊಬೈಲಿನಲ್ಲಿ ಎಲ್ಲವೂ ಇದೆ. ಅವನು ಸುಳ್ಳು ಹೇಳಬೇಕಾಗಿಲ್ಲ. ಸುಮ್ಮನಿದ್ದರೆ 3,000 ಉಳಿಯುತ್ತದೆ. ಆ ಮೌನವೇ ಅತಿಚಾರ. ಟಿಪ್ಪಣಿಯಲ್ಲಿ ಇರುವುದು ದಲಾಲನ ನೆನಪು ಮಾತ್ರವಲ್ಲ, ಇತರರು ಅವನಲ್ಲಿ ಇಟ್ಟ ನೆನಪು; ಅದೂ ಒಂದು ನ್ಯಾಸ.

ಸಾಕಾರಮಂತ್ರಭೇದವೂ ಇಲ್ಲಿಗೆ ಸಲ್ಲುತ್ತದೆ. ಪರರ ಮನದ ಅಭಿಪ್ರಾಯವನ್ನು ತಿಳಿದು ಹೊರಗೆಡಹುವುದು ಅದರ ಲಕ್ಷಣ. ಒಬ್ಬ ವ್ಯಾಪಾರಿಯ ದರವನ್ನೋ ಗಿರಾಕಿಯ ಹೆಸರನ್ನೋ ಅವನ ಪ್ರತಿಸ್ಪರ್ಧಿಗೆ ಕಳುಹಿಸಲು ಇಂದು ಒಂದು ಬೆರಳಿನ ಒತ್ತು ಸಾಕು.

ಹಾಗಾದರೆ ಶ್ರಾವಕನು ಅನುಸರಿಸಬೇಕಾದ ಕ್ರಮವೇನು? ಹಳೆಯ ಅಂಗಡಿಗಳ ಕೀರ್ದಿ ಖತಾವಣಿಗಳ ಶಿಸ್ತೇ ಸಾಕು. ಮಾತು ಮುಗಿದೊಡನೆ ಬರೆಯಬೇಕು, ಸಂಜೆಗೆ ಬಿಡಬಾರದು. ಬರೆದುದನ್ನು ಓದಿ ಹೇಳಿ, ಅದನ್ನೇ ಸರಕಿನವನಿಗೂ ಲಾರಿಯವನಿಗೂ ಕೂಡಲೇ ಕಳುಹಿಸಬೇಕು. ತಪ್ಪಾಗಿದ್ದರೆ ಅಳಿಸದೆ, ಕೆಳಗೆ ದಿನಾಂಕ ಹಾಕಿ ತಿದ್ದುಪಡಿಯನ್ನು ಬೇರೆಯಾಗಿ ಬರೆಯಬೇಕು. ಓದು ಬಾರದ ಚಾಲಕನಿಗೆ ಅವನ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಜೀರ್ಣೋದ್ಧಾರಕ್ಕೆ ಶಿಲೆಯನ್ನೋ ಪ್ರಭಾವನೆಗೆ ಧಾನ್ಯವನ್ನೋ ತರಿಸುವ ಬಸದಿಗಳ ಆಡಳಿತ ಮಂಡಳಿಗಳಿಗೂ ಇದೇ ನಿಯಮ. ಧರ್ಮದ ಸರಕನ್ನು ತಂದ ಚಾಲಕನ ಬಾಕಿ ಉಳಿದರೆ ಆ ಧರ್ಮಕಾರ್ಯ ಪೂರ್ಣವಾಗದು.

ರಟ್ಟ ಜಿನಾಲಯಕ್ಕೆ ಕೊಟ್ಟ ವರ್ತಕರು ತಮ್ಮ ಮಾತನ್ನು ಎಲ್ಲರೂ ಓದುವಂತೆ ನಿಲ್ಲಿಸಿದರು. ಅಂಗೈಯಲ್ಲಿ ಬರೆದುದನ್ನೂ ನಾಳೆ ಎಲ್ಲರೂ ಓದುವರೆಂಬ ಭಾವದಿಂದ ಬರೆಯುವವನೇ ಅವರ ನಿಜವಾದ ವಾರಸುದಾರ.