ಕಟ್ಟೆಪುರಾಣ

ಮಳೆಗಾಲ ಹಿಡಿಯಿತೆಂದರೆ ಹಿರಿಯೂರು ಸೀಮೆಯ ಅರಳಿಕಟ್ಟೆಗಳಲ್ಲಿ ಒಂದೇ ಪ್ರಶ್ನೆ: "ಮಾರಿಕಣಿವೆಗೆ ಎಷ್ಟಡಿ ಬಂತಪ್ಪಾ?" ಒಬ್ಬರು "ಈ ಸಲ ಕೋಡಿ ಬೀಳೋದೇ" ಅನ್ನುತ್ತಾರೆ. ಇನ್ನೊಬ್ಬರು "ನಮ್ಮಜ್ಜನೂ ಹಂಗೇ ಅಂತಿದ್ದ ಬಿಡು" ಎಂದು ಎಲೆಗೆ ಸುಣ್ಣ ಸವರುತ್ತಾರೆ. ಹೊಳಲ್ಕೆರೆ ಕಡೆಯಾದರೆ ಅಡಿಕೆ ಧಾರಣೆ, ಹೊಸದುರ್ಗದಲ್ಲಿ ತೆಂಗು, ಎಲ್ಲೆಡೆಯೂ ಭದ್ರಾ ಮೇಲ್ದಂಡೆ ಯೋಜನೆ: "ಕಾಗದದ ಮೇಲೆ ಹರೀತಾ ಐತೆ." ಇಂಥ ಮಾತಿಗೆ ಕಟ್ಟೆಪುರಾಣ ಎಂಬ ಹೆಸರಿದೆ. ಆ ಹೆಸರಿನೊಳಗಿನ ತಾತ್ಸಾರ ನನಗೆ ಒಪ್ಪಿಗೆಯಿಲ್ಲ.

ಕಟ್ಟೆ ಹಗುರವಾದ ಪದವಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಏರಿಯೂ ಕಟ್ಟೆ, ಅದರ ಹಿಂದೆ ನಿಂತ ನೀರೂ ಕಟ್ಟೆ. ಅರಳಿಗೂ ಬೇವಿಗೂ ಮದುವೆ ಮಾಡಿ ಸುತ್ತ ಕಲ್ಲು ಕೂರಿಸಿದರೆ ಅದೂ ಕಟ್ಟೆ. ಮಾರುಕಟ್ಟೆ, ಸುಂಕದಕಟ್ಟೆ, ಮತಗಟ್ಟೆ ಎಂದು ಪದ ಬೆಳೆಯುತ್ತಲೇ ಹೋಗಿದೆ. ಚಿತ್ರದುರ್ಗದ ನೆಲದಲ್ಲಿ ಇದಕ್ಕೆ ಇನ್ನೊಂದು ತೂಕವುಂಟು. ಮ್ಯಾಸಬೇಡರಲ್ಲಿ, ಕಾಡುಗೊಲ್ಲರಲ್ಲಿ ಕಟ್ಟೆಮನೆ ಎಂದರೆ ಕುಲದ ನ್ಯಾಯ ತೀರ್ಮಾನವಾಗುವ ನೆಲೆ. ಚಳ್ಳಕೆರೆ ಸೀಮೆಯ ನನ್ನಿವಾಳದ ಕಟ್ಟೆಮನೆಯ ಹೆಸರು ಇಂದಿಗೂ ಗೌರವದಿಂದ ಕೇಳಿಬರುತ್ತದೆ. ಅಲ್ಲಿ ತೀರ್ಪಾಗುವ ಮಾತು ಅರಳಿಯ ಬುಡದಲ್ಲಿ ಹರಟೆಯಾಗುತ್ತದೆ. ಆದರೆ ಎರಡೂ ಕಡೆ ಆಡಿದವನು ಆಡಿದ ಮಾತಿಗೆ ಸಿಕ್ಕಿಬೀಳುತ್ತಾನೆ. ನಾಳೆ ಅದೇ ಕಲ್ಲಿನ ಮೇಲೆ, ಅದೇ ಜನರ ನಡುವೆ ಅವನು ಕೂರಬೇಕು. "ನಿನ್ನೆ ನೀನೇ ಅಂದಿದ್ದೆಯಲ್ಲೋ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಮಾರಿಕಣಿವೆಯ ಮಾತನ್ನೇ ನೋಡಿ. ಅಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ ಮುಗಿದದ್ದು 1907ರಲ್ಲಿ. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದೇ ಬಿದ್ದದ್ದು, ಮತ್ತೆ ಆ ನೀರು ಹರಿಯಲು 2022ರ ಸೆಪ್ಟೆಂಬರ್ ಬರಬೇಕಾಯಿತು. ನಡುವಿನ 89 ವರ್ಷ ಒಂದು ತಲೆಮಾರು ಕಂಡದ್ದನ್ನು ಇನ್ನೊಂದಕ್ಕೆ ದಾಟಿಸಿದ್ದು ಈ ಹರಟೆ. ಎಂಜಿನಿಯರರ ಕಡತದಲ್ಲಿ ಅಡಿಯ ಲೆಕ್ಕವಿತ್ತು, ನಿಜ. ಕೋಡಿಯ ನೀರು ಯಾವ ತೋಟ ದಾಟಿ ಎಲ್ಲಿ ನಿಂತಿತ್ತು ಎಂಬುದನ್ನು ಅಜ್ಜಂದಿರಿಂದ ಕೇಳಿದವರಿದ್ದರು. 2022ರಲ್ಲಿ ನೀರು ನೋಡಲು ಹೋದ ಜನ ಆ ಮಾತುಗಳನ್ನೂ ಜೊತೆಗೆ ಒಯ್ದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು.

ಇಷ್ಟು ಪ್ರೀತಿಯಿಂದ ಹೇಳುವಾಗ ಒಂದು ಮಾತು ಬಿಡುವಂತಿಲ್ಲ. ಈ ಕಟ್ಟೆಗಳ ಮೇಲೆ ಎಲ್ಲರೂ ಕೂತಿದ್ದಿಲ್ಲ. ಹೆಂಗಸರ ಮಾತು ನಲ್ಲಿಯ ಹತ್ತಿರ, ಬಿಂದಿಗೆ ತುಂಬುವಷ್ಟು ಹೊತ್ತು ಮಾತ್ರ. ಕೇರಿಯವರು ಎಷ್ಟೋ ಊರುಗಳಲ್ಲಿ ದೂರ ನಿಂತೇ ಕೇಳಿದರು. ನೀರಿಲ್ಲದ ವರ್ಷಗಳ ಕಷ್ಟವನ್ನು ಎಲ್ಲರಿಗಿಂತ ಹೆಚ್ಚು ಹೊತ್ತವರು ಇವರೇ. ಮಾರಿಕಣಿವೆಯ ಬಗ್ಗೆ ಇವರು ಏನಂದುಕೊಂಡಿದ್ದರೆಂಬುದು ಕಟ್ಟೆಪುರಾಣದಲ್ಲಿ ಸೇರಲೇ ಇಲ್ಲ.